ಹುಕ್ಕೇರಿಯಲ್ಲಿ ಉಳಿದ ಕೂಸು

ಬಿ.ಎ. ಮುಗಿಸಿ ನಾನು ಹಿಡಿದ ಮೊದಲ ನೌಕರಿ ಎಂದರೆ ಸಿನಿಮಾದ ಪೆಟ್ಟಿಗೆ ಹೊತ್ತು ಊರೂರು ತಿರುಗುವುದು. ಅಂದು ಗೋಕಾಕದಲ್ಲಿ ಮಧ್ಯಾಹ್ನದ ಆಟ. ಕಳ್ಳರು ಕೂಸನ್ನು ಎತ್ತಿಕೊಂಡು ಗುಡ್ಡ ಹತ್ತಿದ್ದಾರೆ, ನಾಯಕ ಕುದುರೆಯ ಮೇಲೆ ಬೆನ್ನಟ್ಟಿದ್ದಾನೆ, ಅಷ್ಟರಲ್ಲಿ ಪರದೆ ಬೆಳ್ಳಗಾಯಿತು. ಹಿಂದಕ್ಕೆ ಸುತ್ತಲು ಇಟ್ಟಿದ್ದ ಕೊನೆಯ ರೀಲನ್ನು ನಾನು ಹುಕ್ಕೇರಿಯ ಟಾಕೀಸಿನಲ್ಲೇ ಮರೆತು ಬಂದಿದ್ದೆ!

“ಕೂಸು ಪಾರಾಗತೈತ್ರಿ, ಎಲ್ಲಾರೂ ಮನಿಗೆ ಹೋಗ್ರಿ,” ಎಂದು ಕೂಗಿದೆ. ಮಂದಿ ಗೊಣಗುತ್ತ ಎದ್ದರು. ಮಸಗುಪ್ಪಿಯಿಂದ ಬಂದಿದ್ದ ಒಬ್ಬ ಅಜ್ಜಿ ಮಾತ್ರ ಏಳಲಿಲ್ಲ.

“ನೀ ಹೇಳಿದ್ರ ಆತೇನೋ? ಅದರವ್ವ ಅಳಾಕತ್ತಾಳ. ಕೂಸು ಆಕಿ ಉಡ್ಯಾಗ ಬರೂತನಾ ನಾ ಏಳಂಗಿಲ್ಲ.”

“ಯವ್ವಾ, ಅದು ಬರೇ ಸಿನಿಮಾ ಐತಿ...”

“ಹಂಗಾರ ನೀ ಯಾಕ ಬೆವರಾಕತ್ತಿ? ಹೋಗು, ತಗೊಂಬಾ!”

ಎದ್ದವರೆಲ್ಲ ಮತ್ತೆ ಕೂತರು. ನಾನು ಹುಕ್ಕೇರಿ ಬಸ್ಸಿಗೆ ಓಡಿದೆ. ರೀಲಿನೊಂದಿಗೆ ಮರಳಿದಾಗ ಹೊತ್ತು ಮುಳುಗಿತ್ತು, ಮಂದಿ ರೊಟ್ಟಿಯ ಬುತ್ತಿ ಬಿಚ್ಚಿ ಉಂಡು ಕೂತೇ ಇದ್ದರು. ಕೂಸು ತಾಯಿಯ ಉಡಿ ಸೇರಿದ್ದೇ ತಡ, ನಾಯಕನ ಮದುವೆಗೂ ಕಾಯದೆ ಅಜ್ಜಿ ಎದ್ದಳು. ಬಾಗಿಲಲ್ಲಿ ನನ್ನ ಗಲ್ಲ ಸವರಿ, “ಕೂಸಿನ್ನ ತಂದಾಂವ ಇಂವಾ ನೋಡ್ರಿ,” ಎಂದು ಎಲ್ಲರಿಗೂ ತೋರಿಸಿದಳು.

ಕುದುರೆ ಹತ್ತಿದವನಿಗೆ ಹೆಸರು ಬಂತು, ಬರಲಿ. ಗೋಕಾಕದಲ್ಲಿ ಆ ಕೂಸನ್ನು ಬಿಡಿಸಿ ತಂದವನು ನಾನೇ, ಅದೂ ಬಸ್ಸಿನಲ್ಲಿ ಹೋಗಿ. ಹುಕ್ಕೇರಿಯಲ್ಲಿ ಬಿಟ್ಟು ಬಂದವನೂ ನಾನೇ ಎಂಬ ಮಾತು ಈಗ ಯಾಕೆ!