ಉಪ್ಪಿನ ಪ್ರಶ್ನೆ

ಹಳಿಯಾಳದಲ್ಲಿ ನಾನಿದ್ದ ಕಾಲೇಜಿನ ಮಾಳಿಗೆಯ ಮೇಲೆ ಒಂದು ದಿನ ದೊಡ್ಡ ಡಿಶ್ ಬಂದು ಕೂತಿತು. ಇನ್ನು ವಾರಕ್ಕೆ ಎರಡು ದಿನ ಅರ್ಥಶಾಸ್ತ್ರದ ಪಾಠ ಬೆಂಗಳೂರಿನಿಂದ ಉಪಗ್ರಹದ ಮೂಲಕ ನೇರವಾಗಿ ಬರುತ್ತದೆ, ನೀವು ಟಿ.ವಿ. ಹಚ್ಚಿ ಹಾಜರಿ ಹಾಕಿದರೆ ಸಾಕು ಎಂದರು ಪ್ರಾಂಶುಪಾಲರು. ಹದಿನಾಲ್ಕು ವರ್ಷ ಅದೇ ವಿಷಯ ಕಲಿಸಿದವಳಿಗೆ ಟಿ.ವಿ. ಹಚ್ಚುವ ಕೆಲಸ! ಮೈ ಉರಿದುಹೋಯಿತು.

ಮೊದಲ ದಿನ ಪರದೆಯ ಮೇಲೆ ಕೋಟು ತೊಟ್ಟ ಪ್ರಾಧ್ಯಾಪಕರು ಕಂಡರೋ ಇಲ್ಲವೋ, ಇಡೀ ತರಗತಿ ಎದ್ದು ನಿಂತಿತು. ಕಲಿಸುವವರು ಬಂದರೆ ಏಳಬೇಕು, ಅವರು ಹೇಳಿದ ಮೇಲೇ ಕೂಡಬೇಕು. ನಮ್ಮ ಹುಡುಗರ ರೂಢಿ ಅದು. ಆ ಪುಣ್ಯಾತ್ಮ ಹೇಳಲೇ ಇಲ್ಲ. ಅವರಿಗೆ ಇವರು ಕಾಣಬೇಕಲ್ಲ! "ಕುಂದರ್ರಿ, ಅವ್ರಿಗೇನ್ ನೀವು ಕಾಣ್ತೀರಿ?" ಎಂದು ಕೊನೆಗೆ ನಾನೇ ಬೈದು ಕೂಡಿಸಿದೆ. ನನ್ನ ಪಾಠದಲ್ಲಿ ಒಂದು ಮುಖ ಸಪ್ಪಗಾದರೂ ನಾನು ಅಲ್ಲೇ ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. ಈ ಪಾಠ ಯಾರಿಗೂ ನಿಲ್ಲುತ್ತಿರಲಿಲ್ಲ.

ಸಾಂಬ್ರಾಣಿ ಎಂಬ ಹತ್ತಿರದ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಪ್ರಶ್ನೆ ಕೇಳುವುದರಲ್ಲಿ ಎತ್ತಿದ ಕೈ. ಅವಳ ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ. ಎರಡನೇ ವಾರ ಪರದೆಯವರು, ಸಂಶಯ ಇದ್ದವರು ಫೋನ್ ಮಾಡಿ ಎಂದಾಗ ಅವಳೇ ಧೈರ್ಯ ಮಾಡಿ ಫೋನ್ ಹಿಡಿದಳು.

"ಸರ, ರೇಟ್ ಏರಿದ್ರ ಮಂದಿ ಕಡಿಮಿ ತಗೋತಾರ ಅಂದ್ರಿ. ಮತ್ತ ಉಪ್ಪಿನ ರೇಟ್ ಏರಿದ್ರೂ ನಮ್ಮವ್ವ ಅಷ್ಟ ತರ್ತಾಳಲ್ರೀ, ಅದು ಹೆಂಗ?"

ಎಂಥ ಪ್ರಶ್ನೆ! ಮುಂದಿನ ಅಧ್ಯಾಯವೆಲ್ಲ ಅದರ ಮೇಲೇ ನಿಂತಿದೆ. ಅವರು ನಕ್ಕರು. "ಏನೂ ಅರ್ಥ ಆಗ್ಲಿಲ್ಲಮ್ಮ. ಸ್ವಲ್ಪ ಕನ್ನಡದಲ್ಲಿ ಕೇಳ್ತೀಯಾ?" ಎಂದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಬೇರೆ ಊರಿನ ಕರೆ ತೆಗೆದುಕೊಂಡರು. ಉಪ್ಪಿಗಿಂತ ರುಚಿಯಿಲ್ಲ ಅನ್ನುವ ನಾಡಿನಲ್ಲಿ ಉಪ್ಪಿನ ಮಾತು ಅರ್ಥವಾಗಲಿಲ್ಲವಂತೆ! ನನ್ನ ಪಿತ್ತ ನೆತ್ತಿಗೇರಿತು. ಎದ್ದು ಟಿ.ವಿ. ಬಂದ್ ಮಾಡಿದೆ.

"ಪಾಠ ಅರ್ಧಕ್ಕ ಬಂದ್ ಮಾಡಿದ್ರಂತಲ್ರೀ. ಮ್ಯಾಲಿನವ್ರಿಗೆ ನಾ ಏನ್ ಹೇಳ್ಲಿ?" ಎಂದರು ಪ್ರಾಂಶುಪಾಲರು.

"ಯಾವುದೋ ಬ್ಯಾರೆ ಭಾಷಾ ಬಂತು, ನಮಗ ತಿಳೀಲಿಲ್ಲ ಅಂತ ಹೇಳ್ರಿ" ಎಂದು ಬಂದುಬಿಟ್ಟೆ.

ಮರುದಿನ ನನ್ನ ಪಾಠವಿತ್ತು. "ನಿನ್ನಿ ಕೇಳಿದ್ದು ಮತ್ತೊಮ್ಮೆ ಕೇಳವಾ, ಭಾಳ ಛಲೋ ಪ್ರಶ್ನಿ ಐತಿ" ಎಂದೆ. ಅವಳು ಎದ್ದು ನಿಂತು ನೋಟ್‌ಬುಕ್ ತೆರೆದಳು. ಮನೆಯಿಂದ ಬರೆದುಕೊಂಡು ಬಂದಿದ್ದಳು.

"ಮಾನ್ಯರೇ, ಉಪ್ಪಿನ ಬೆಲೆಯು ಏರಿದರೂ ನಮ್ಮ ತಾಯಿಯವರು ಅಷ್ಟೇ ಪ್ರಮಾಣದಲ್ಲಿ ಅದನ್ನು ಕೊಳ್ಳುವರು. ಇದು ಹೇಗೆ?"

ನಮ್ಮ ತಾಯಿಯವರು! ಅದೂ ನನ್ನ ಮುಂದೆ, ಅವಳ ಮಾತನ್ನೇ ಆಡುವ ನನ್ನ ಮುಂದೆ.

"ಯಾಕವಾ, ನಿಮ್ಮವ್ವ ಎಲ್ಲಿಗೆ ಹೋದ್ಳು?" ಎಂದೆ.

ಅವಳು ತಲೆ ಎತ್ತಲಿಲ್ಲ. "ಕನ್ನಡದಾಗ ಕೇಳ್ಬೇಕಂತಲ್ರೀ, ಮೇಡಮ್ಮಾರ" ಎಂದಳು.