ತಲೆ ಉಳುಕು

ಅಕ್ಕನ ಎಡಹುಬ್ಬು ಅರ್ಧಕ್ಕೇ ನಿಂತಿತ್ತು. ಉಳಿದರ್ಧದ ಜಾಗದಲ್ಲಿ ಹೊಲಿಗೆಯ ಗುರುತು, ಅದನ್ನು ಮುಚ್ಚುವ ಹಾಗೆ ಸೊಟ್ಟಗೆ ಇಟ್ಟುಕೊಂಡ ಟೋಪಿ. ಬೆಳಕು ಕಂಡರೆ ಕಣ್ಣು ಕಿರಿದು ಮಾಡುತ್ತಿದ್ದಳು. ಚೆನ್ನೈಯ ನಮ್ಮ ಕಾಲೇಜಿನ ಕಬಡ್ಡಿ ತಂಡಕ್ಕೆ ಅವಳು ಕ್ಯಾಪ್ಟನ್, ನನಗಿಂತ ಎರಡು ವರ್ಷ ದೊಡ್ಡವಳು; ತಂಡದವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಹಿಂದೊಮ್ಮೆ ಎದುರಾಳಿಯ ಮೊಣಕೈ ತಗುಲಿ ಬಿದ್ದವಳನ್ನು ನಮ್ಮ ಕೋಚ್ ಮಾಸ್ಟರ್ ಹಣೆಗೆ ಬಟ್ಟೆ ಕಟ್ಟಿ ಐದೇ ನಿಮಿಷದಲ್ಲಿ ಮತ್ತೆ ಆಡಿಸಿದ್ದರು. ಆಮೇಲೆ ಆರು ತಿಂಗಳು ಪುಸ್ತಕದ ಒಂದು ಪುಟ ಓದಲು ಅವಳಿಂದ ಆಗಿರಲಿಲ್ಲ.

ಅದಕ್ಕೇ ಪ್ರತಿ ಗುರುವಾರ ಪ್ರಾಕ್ಟೀಸ್ ಮುಗಿದು ಮಾಸ್ಟರ್ ಸ್ಕೂಟರ್ ಹತ್ತಿದ ಕೂಡಲೇ ನಮ್ಮನ್ನು ಮ್ಯಾಟಿನ ಮೇಲೆ ಕೂರಿಸಿ ಪಾಠ ಶುರುಮಾಡುತ್ತಿದ್ದಳು. ಪೆಟ್ಟಿಗೆ ಮಿದುಳು ಅಲುಗುವುದಕ್ಕೆ ಡಾಕ್ಟರು ಹೇಳುವ ಕನ್ಕಷನ್ ಎಂಬ ಮಾತು ನಮ್ಮ ಯಾರ ತಲೆಗೂ ಹೋಗಲಿಲ್ಲ. ಅವಳು ತಮಿಳಿನಲ್ಲಿ 'ತಲೈ ಸುಳುಕ್ಕು' ಅಂದಳು, ತಲೆ ಉಳುಕು. ತಕ್ಷಣ ಎಲ್ಲರಿಗೂ ತಿಳಿಯಿತು. "ಕಾಲು ಉಳುಕಿದ್ರೆ ಕುಂಟ್ತೀಯ, ಊರಿಗೆಲ್ಲ ಕಾಣುತ್ತೆ. ತಲೆ ಉಳುಕಿದ್ರೆ ನಿನಗೇ ಗೊತ್ತಾಗಲ್ಲ. ಪಕ್ಕದಲ್ಲಿರೋಳು ನೋಡ್ಬೇಕು," ಅನ್ನುತ್ತಿದ್ದಳು.

ಪೆಟ್ಟು ಬಿದ್ದವರು ತಿಂಗಳುಗಳ ಹೆಸರು ಉಲ್ಟಾ ಹೇಳಬೇಕು, ತಪ್ಪಿದರೆ ಆಟದಿಂದ ಹೊರಗೆ. ನಾವೇನು ಕಡಿಮೆಯೇ? ಡಿಸೆಂಬರ್, ನವೆಂಬರ್ ಎಂದು ಬಾಯಿಪಾಠ ಮಾಡಿಕೊಂಡೆವು. ಆ ಉಪಾಯ ಎಲ್ಲರಿಗೂ ಹೇಳಿಕೊಟ್ಟವಳು ನಾನೇ. ಆದರೆ ನಾವು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರುವವಳು. ಇನ್ನು ಮೇಲೆ ಅವರವರ ಮನೆಮಾತಿನಲ್ಲಿ ವಾರಗಳನ್ನು ಉಲ್ಟಾ ಹೇಳಬೇಕೆಂದಳು. ಕನ್ನಡದವಳು ನಾನೊಬ್ಬಳೇ. ನನ್ನನ್ನು ಪರೀಕ್ಷಿಸಲೆಂದೇ ನಮ್ಮಮ್ಮನಿಗೆ ಫೋನ್ ಮಾಡಿ ವಾರದ ಹೆಸರು ಕಲಿತಳು. "ಯಾರೇ ಅವಳು, ಬುಧವಾರಕ್ಕೆ ಪುದವಾರ ಅಂತಾಳೆ? ಆದ್ರೂ ನಿನಗಿಂತ ವಾಸಿ ಬಿಡು, ನೀನು ತಮಿಳಲ್ಲೇ ಪುದನ್ ಕಿಳಮೈ ಅಂತೀಯ," ಎಂದು ಅಮ್ಮ ನಕ್ಕಳು.

ಅಂತರ ಕಾಲೇಜು ಸೆಮಿಫೈನಲ್‌ನಲ್ಲಿ ರೈಡಿಗೆ ಹೋದಾಗ ಎದುರಾಳಿಯ ಮೊಣಕಾಲು ನನ್ನ ಕಿವಿಯ ಮೇಲೆ ಬಡಿಯಿತು. ಎದ್ದು ನಿಂತೆ. "ಒಣ್ಣುಮಿಲ್ಲೆಕ್ಕಾ," ಏನಿಲ್ಲ ಅಂದೆ.

"ಪಾನುವಾರದಿಂದ ಹಿಂದಕ್ಕೆ ಹೇಳು."

ಶನಿವಾರ, ಶುಕ್ರವಾರ, ಆಮೇಲೆ ಮತ್ತೆ ಶನಿವಾರವೇ ಬಂತು. ಅಕ್ಕ ರೆಫರಿಗೆ ಹೇಳಿ ನನ್ನ ಬದಲು ಬೇರೊಬ್ಬಳನ್ನು ಇಳಿಸಿದಳು. ಬಿಸಿಲಿಗೆ ತಲೆ ಸುತ್ತಿದೆ, ನೀರು ಕುಡಿಸಿ ಕಳಿಸು ಎಂದು ಮಾಸ್ಟರ್ ಕೂಗಾಡಿದರು. ಒಳಾಂಗಣದಲ್ಲಿ, ದೊಡ್ಡ ದೊಡ್ಡ ಫ್ಯಾನುಗಳ ಕೆಳಗೆ, ಎಲ್ಲಿಯ ಬಿಸಿಲು, ಅವರ ತಲೆ! ಎರಡು ಅಂಕದಿಂದ ಸೋತೆವು. ವ್ಯಾನಿನಲ್ಲಿ ನಾನು ಎರಡು ಸಲ ವಾಂತಿ ಮಾಡಿದೆ. ಅಕ್ಕನೇ ಆಸ್ಪತ್ರೆಗೆ ಕರೆದೊಯ್ದಳು. ಮೂರು ವಾರ ಆಡಕೂಡದು ಎಂದು ಡಾಕ್ಟರು ಬರೆದುಕೊಟ್ಟರು.

ಕ್ಯಾಪ್ಟನ್ ಬೇಕೆಂದೇ ಪಂದ್ಯ ಕೆಡಿಸಿದಳೆಂದು ಮಾಸ್ಟರ್ ದೂರು ಕೊಟ್ಟರು. ಕಾಲೇಜು ವಿಚಾರಣೆ ಇಟ್ಟಿತು. ನನ್ನದು ಕ್ರೀಡಾ ಕೋಟಾದ ಸೀಟು. ಅದು ಉಳಿಯಲು ಪ್ರತಿ ವರ್ಷ ಮಾಸ್ಟರ ಸಹಿ ಬೇಕಿತ್ತು. ಅವತ್ತು ಪೆಟ್ಟಿನಿಂದ ನಿನಗೆ ಆಡಲಾಗದಂತಾಗಿತ್ತೇ ಎಂದು ಪ್ರಿನ್ಸಿಪಾಲರು ಕೇಳಿದರು. ಡಾಕ್ಟರ ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. "ಇಲ್ಲ ಸರ್," ಅಂದೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕ್ಯಾಪ್ಟನ್ ಪಟ್ಟ ಹೋಯಿತು, ಗುರುವಾರದ ಪಾಠವೂ ನಿಂತಿತು.

ಇಷ್ಟು ವರ್ಷಗಳ ಮೇಲೆ ಮೊನ್ನೆ ಫೋನಿನಲ್ಲಿ ಒಂದು ಫೋಟೋ ಬಂತು. ಅದೇ ಕಾಲೇಜಿನಲ್ಲಿ 'ತಲೈ ಸುಳುಕ್ಕು' ಜಾಗೃತಿ ವಾರವಂತೆ. ಬ್ಯಾನರಿನ ಕೆಳಗೆ ಶಾಲು ಹೊದ್ದು ಹಲ್ಲು ಕಿರಿಯುತ್ತ ನಿಂತವರು ಯಾರು? ಅದೇ ಮಾಸ್ಟರ್. ನನಗೆ ಮೈಯೆಲ್ಲ ಉರಿದುಹೋಯಿತು. ಆ ಮಾತು ಹುಟ್ಟಿಸಿದವಳಿಗೆ ಒಂದು ಕರೆಯೂ ಇಲ್ಲ. ಟಿ. ನಗರದ ಆಫೀಸಿಗೆ ರಜೆ ಹಾಕಿ ಪಲ್ಲಾವರಂನ ಅವಳ ಮನೆಗೆ ಹೋದೆ. ಅರ್ಧ ಗಂಟೆ ಮಾಸ್ಟರನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ಕಾಫಿ ಕೊಟ್ಟು, "ಯಾರು ಹೇಳಿದ್ರೇನು, ಹುಡುಗಿಯರಿಗೆ ಗೊತ್ತಾದ್ರೆ ಸರಿ," ಅಂದಳು. ನನ್ನ ಬೈಗುಳ ತೀರಿತು. ಉಳಿದದ್ದು ಒಂದೇ ಮಾತು.

"ಅಕ್ಕಾ, ಅವತ್ತು ವಿಚಾರಣೇಲಿ ನಾನು ಸುಳ್ಳು ಹೇಳ್ದೆ."

"ಬಿಡು," ಅಂದಳು. "ತಲೆಗೆ ಪೆಟ್ಟು ಬಿದ್ದೋಳ ಮಾತನ್ನ ನಾನು ಯಾವತ್ತೂ ನಂಬಿಲ್ಲ."

ವಿಚಾರಣೆ ನಡೆದದ್ದು ಪೆಟ್ಟು ಬಿದ್ದ ಎರಡು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ನನ್ನ ತಲೆ ನೆಟ್ಟಗೇ ಇತ್ತು. ಅದು ಅವಳಿಗೂ ಗೊತ್ತಿತ್ತು.