ನೇರಳೆ ಕೈಗಳು

ಸೂರತ್ತಿನ ಉಧ್ನಾದಲ್ಲಿ ಬಣ್ಣದ ಮಿಲ್ಲೊಂದರಲ್ಲಿ ಸೀರೆ ಅದ್ದುವ ಶಂಕ್ರವ್ವ ಗುಳೇದಗುಡ್ಡದ ಕಡೆಯವಳು. ಇಪ್ಪತ್ತು ವರ್ಷ ತನ್ನ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೇ ಓಡಾಡಿದಳು. ಬಣ್ಣ ಹತ್ತಿದ ಆ ಕೈ ನೋಡಿ ಮದುವೆ ಊಟದಲ್ಲಿ ಜನ ಅವಳ ಪಕ್ಕ ಕೂರುತ್ತಿರಲಿಲ್ಲ. ನಮ್ಮ ಕನ್ನಡ ಪ್ರಾರ್ಥನಾ ಸಭೆಗೆ ಬಂದರೂ ಅವಳಿಗೆ ಕೊನೆಯ ಸಾಲೇ.

ಮೂರು ವರ್ಷ ಹೀಗೆ ಬಂದವಳು ಕಳೆದ ವರ್ಷ ದೀಕ್ಷಾಸ್ನಾನ ಬೇಕೆಂದಳು. ಹೊಸ ಬಾಳಿಗೆ ಹೊಸ ಹೆಸರೂ ಬೇಕೆಂದಳು. ಪಾಸ್ಟರು ಮರಿಯಾ, ಎಸ್ತೇರ್, ಗ್ರೇಸ್ ಎಂದು ಹೇಳುತ್ತಾ ಹೋದರು.

“ಇವರೊಳಗ ದುಡದು ಉಂಡಾಕಿ ಯಾರರ ಅದಾಳೇನ್ರಿ?” ಎಂದು ಕೇಳಿದಳು.

ಪಾಸ್ಟರು ಬೈಬಲ್ ತೆಗೆದು ಲಿಡಿಯಾಳ ಕಥೆ ಓದಿದರು. ಲಿಡಿಯಾ ನೇರಳೆ ಬಟ್ಟೆ ಮಾರಿ ಬದುಕಿದ ಹೆಂಗಸು. ಶಂಕ್ರವ್ವ ಅದನ್ನು ಎರಡು ಸಲ ಓದಿಸಿದಳು. “ಇದ ಹೆಸರು ಇರಲಿ” ಎಂದಳು.

ದೀಕ್ಷಾಸ್ನಾನದ ಹಿಂದಿನ ದಿನ, ಬಣ್ಣ ಹೋಗುವಂತೆ ಕೈ ತಿಕ್ಕಿಕೊಳ್ಳಲೆಂದು ನಾನು, ಮಹಾ ಬುದ್ಧಿವಂತೆ, ನಿಂಬೆಹಣ್ಣು ಕೊಟ್ಟೆ. ಅವಳು ಅದನ್ನು ಶರಬತ್ತು ಮಾಡಿ ಕುಡಿದಳು. ಆಮೇಲೆ ಮಿಲ್ಲಿಗೆ ಹೋಗಿ, ಮೇಸ್ತ್ರಿಯೊಡನೆ ಜಗಳಾಡಿ, ನೇರಳೆ ಬಣ್ಣದ ತೊಟ್ಟಿಯ ಕೆಲಸವನ್ನೇ ಹಾಕಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಬಿಳಿ ಸೀರೆಯುಟ್ಟು ನೀರಿಗಿಳಿದಳು. ಪಾಸ್ಟರು “ಲಿಡಿಯಾ” ಎಂದು ಕರೆದರು. ಅವಳು ಸೆರಗು ಸರಿಸಿ ಎರಡೂ ಕೈ ಮೇಲೆತ್ತಿದಳು. ಮೊಣಕೈವರೆಗೂ ನೇರಳೆ. ಮುಳುಗಿ ಎದ್ದಾಗಲೂ ಬಣ್ಣ ಒಂದಿಷ್ಟೂ ಬಿಟ್ಟಿರಲಿಲ್ಲ.

ಅಂದಿನ ಊಟವನ್ನು ಆ ಕೈಗಳೇ ಬಡಿಸಿದವು. ಒಬ್ಬರೂ ಬೇಡವೆನ್ನಲಿಲ್ಲ. ನಾನಂತೂ ಎರಡು ಸಲ ಹಾಕಿಸಿಕೊಂಡೆ.